ನದಿ ನೀರಿನ ಡಿಎನ್‌ಎ ಪರೀಕ್ಷೆ: ವರದಿ ಬಂದ ಮಾರನೇ ದಿನ ಏನು ಮಾಡ್ತೀರಿ?

ಬಲೆ ಬೀಸದೆ, ಗಾಳ ಹಾಕದೆ, ಒಂದೆರಡು ಲೀಟರ್ ನೀರು ತಂದು ಆ ಹೊಳೆಯಲ್ಲಿ ಯಾವ ಮೀನಿದೆ ಅಂತ ಹೇಳಬಹುದು. ಪರಿಸರ ಡಿಎನ್‌ಎ, ಚಿಕ್ಕದಾಗಿ ಇಡಿಎನ್‌ಎ ಅನ್ನುವ ಈ ತಂತ್ರ ಈಗ ಪ್ರಯೋಗದ ಹಂತ ದಾಟಿ ಆಗಿದೆ. 2008ರಲ್ಲಿ ಯುರೋಪಿನ ಸಂಶೋಧಕರು ಫ್ರಾನ್ಸಿನ ಕೊಳಗಳ ನೀರನ್ನಷ್ಟೇ ನೋಡಿ ಅಲ್ಲಿ ಅಮೆರಿಕದ ಬುಲ್‌ಫ್ರಾಗ್ ಕಪ್ಪೆ ಸೇರಿಕೊಂಡಿದೆ ಅಂತ ತೋರಿಸಿದರು. 2014ರಿಂದ ಇಂಗ್ಲೆಂಡಿನ ಸರ್ಕಾರಿ ಸಂಸ್ಥೆಯೊಂದು ಸಂರಕ್ಷಿತ ಉಭಯವಾಸಿಯೊಂದು ಕೊಳದಲ್ಲಿ ಇದೆಯೋ ಇಲ್ಲವೋ ಅನ್ನೋದಕ್ಕೆ ನೀರಿನ ಪರೀಕ್ಷೆಯನ್ನೇ ಪುರಾವೆಯಾಗಿ ಒಪ್ಪುತ್ತಿದೆ. ನಮ್ಮಲ್ಲೂ ಹೈದರಾಬಾದಿನ ಸಿಸಿಎಂಬಿಯ ಪ್ರಯೋಗಾಲಯ ಈ ಕೆಲಸದಲ್ಲಿ ತೊಡಗಿದೆ. ಲಖನೌದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋ ವರ್ಷಗಳಿಂದ ಭಾರತದ ಮೀನುಗಳ ಡಿಎನ್‌ಎ ಗುರುತು ದಾಖಲಿಸುತ್ತಾ ಬಂದಿದೆ.

ಅಂದರೆ ತಂತ್ರಜ್ಞಾನ ಇದೆ, ಮಾಡಬಲ್ಲ ಜನ ಇದ್ದಾರೆ. ಹಾಗಾದ್ರೆ ಕಾವೇರಿ, ತುಂಗಭದ್ರಾ, ಬೆಂಗಳೂರಿನ ಕೆರೆಗಳು, ಎಲ್ಲ ಕಡೆ ನೀರು ತೆಗೆದು ಹೊರಗಿನಿಂದ ಬಂದ ಮೀನುಗಳನ್ನು ಪತ್ತೆ ಮಾಡಿಬಿಡಬಹುದಲ್ವಾ?

ಮಾಡಬಹುದು. ನನ್ನ ತಕರಾರು ಪರೀಕ್ಷೆಯ ಬಗ್ಗೆ ಅಲ್ಲ. ವರದಿ ಬಂದ ಮಾರನೇ ದಿನ ಯಾರು ಏನು ಮಾಡಬೇಕು ಅನ್ನೋದನ್ನು ಮೊದಲೇ ಬರೆದಿಡದಿದ್ರೆ ಈ ಪರೀಕ್ಷೆ ಇನ್ನೊಂದು ಪವರ್‌ಪಾಯಿಂಟ್ ಆಗುತ್ತೆ, ಅಷ್ಟೇ. ಅಥವಾ ಅದಕ್ಕಿಂತ ಕೆಟ್ಟದಾಗಿ, ತಪ್ಪು ಮನುಷ್ಯನ ಬಲೆ ಕಿತ್ತುಕೊಳ್ಳೋಕೆ ಒಂದು ನೆಪ ಆಗುತ್ತೆ.

ನೀರು ಹೇಳೋದು ಏನು, ಹೇಳದೇ ಇರೋದು ಏನು

ಮೊದಲು ತಂತ್ರ ಅರ್ಥ ಮಾಡಿಕೊಳ್ಳೋಣ. ಮೀನು ನೀರಿನಲ್ಲಿ ಓಡಾಡುವಾಗ ಅದರ ಮೈಯ ಲೋಳೆ, ಹೊಟ್ಟು, ಮಲ, ಮೊಟ್ಟೆ ಕಾಲದಲ್ಲಿ ಬಿಡುವ ದ್ರವ, ಎಲ್ಲದರ ಜೊತೆ ಒಂದಿಷ್ಟು ಜೀವಕೋಶಗಳು ನೀರಿಗೆ ಸೇರುತ್ತವೆ. ಆ ನೀರನ್ನು ತೀರಾ ಸಣ್ಣ ರಂಧ್ರಗಳ ಫಿಲ್ಟರ್‌ನಲ್ಲಿ ಸೋಸಿ, ಫಿಲ್ಟರ್ ಮೇಲೆ ಉಳಿದದ್ದರಿಂದ ಡಿಎನ್‌ಎ ಬೇರ್ಪಡಿಸುತ್ತಾರೆ. ಆಮೇಲೆ ದಾರಿ ಎರಡು. ಒಂದೇ ಜಾತಿಯ ಮೀನು ಹುಡುಕಬೇಕಿದ್ರೆ ಕೋವಿಡ್ ಕಾಲದಲ್ಲಿ ನಮಗೆಲ್ಲ ಬಾಯಿಪಾಠ ಆದ ಪಿಸಿಆರ್. ಆ ನೀರಿನಲ್ಲಿರುವ ಎಲ್ಲ ಮೀನುಗಳ ಪಟ್ಟಿ ಬೇಕಿದ್ರೆ, ಎಲ್ಲ ಮೀನುಗಳಲ್ಲೂ ಇರುವ ಒಂದು ಚಿಕ್ಕ ಡಿಎನ್‌ಎ ತುಣುಕನ್ನು ಓದಿ, ಡೇಟಾಬೇಸ್ ಜೊತೆ ಹೋಲಿಸಿ ನೋಡೋದು. ಬೆಂಗಳೂರಿನ ಒಳಚರಂಡಿ ನೀರಿನಲ್ಲಿ ಕೊರೊನಾ ವೈರಸ್ ಹುಡುಕಿದ್ದು ನೆನಪಿದೆಯಾ? ಹೆಚ್ಚು ಕಡಿಮೆ ಅದೇ ಉಪಾಯ.

ಇದರ ಲಾಭ ದೊಡ್ಡದು. ಬಲೆಗೆ ಸಿಗದಷ್ಟು ವಿರಳವಾಗಿದ್ದಾಗಲೂ ಮೀನಿನ ಸುಳಿವು ಸಿಗಬಹುದು. ಹೊರಗಿನ ಮೀನು ಇನ್ನೂ ಹತ್ತಿಪ್ಪತ್ತು ಇರುವಾಗಲೇ ಗೊತ್ತಾದರೆ ತಡೆಯೋಕೆ ಅವಕಾಶ ಇರುತ್ತೆ. ಬಲೆ ತುಂಬ ಬರೋಕೆ ಶುರುವಾದ ಮೇಲೆ ಯಾವ ಸರ್ಕಾರದ ಕೈಯಲ್ಲೂ ಏನೂ ಆಗಲ್ಲ.

ಆದರೆ ನೀರು ಹೇಳದ ಸಂಗತಿಗಳೂ ಇವೆ. ಆ ಡಿಎನ್‌ಎ ಜೀವಂತ ಮೀನಿನದ್ದೋ ಸತ್ತದ್ದರದ್ದೋ ಗೊತ್ತಾಗಲ್ಲ. ಇಲ್ಲಿಯದ್ದೋ, ಮೇಲಿನಿಂದ ಹರಿದು ಬಂದದ್ದೋ ಗೊತ್ತಾಗಲ್ಲ. ಒಂದು ಮೀನೋ ಸಾವಿರವೋ, ಮರಿಯೋ ದೊಡ್ಡದೋ, ಖಚಿತವಾಗಿ ಗೊತ್ತಾಗಲ್ಲ. ನದಿ ದಂಡೆಯ ಮೀನಿನಂಗಡಿಯವರು ಕಾಟ್ಲಾ ಕೊಯ್ದು, ಐಸ್ ಪೆಟ್ಟಿಗೆ ತೊಳೆದ ನೀರು ಚರಂಡಿ ಮೂಲಕ ಹೊಳೆ ಸೇರಿದರೂ ವರದಿಯಲ್ಲಿ ಕಾಟ್ಲಾ ಬರುತ್ತೆ. ನೀರುಕಾಗೆ ಬೇರೆ ಕೆರೆಯಲ್ಲಿ ಮೀನು ತಿಂದು ಇಲ್ಲಿ ಹಿಕ್ಕೆ ಹಾಕಿದರೂ ಬರಬಹುದು.

ಇದೆಲ್ಲ ಊಹೆ ಅಲ್ಲ. ಇದೇ ವಾದ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿತ್ತು.

ನೀರಿನ ಬಾಟಲಿ ಕೋರ್ಟಿಗೆ ಹೋದಾಗ

ಕಥೆ ಶಿಕಾಗೋದ್ದು. 1970ರ ದಶಕದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಮೀನು ಸಾಕಣೆ ಹೊಂಡ ಮತ್ತು ಕೊಳಚೆ ಕೊಳಗಳನ್ನು ಸ್ವಚ್ಛ ಮಾಡಲಿ ಅಂತ ಏಷ್ಯಾದಿಂದ ಬೆಳ್ಳಿ ಗೆಂಡೆ, ಬಿಗ್‌ಹೆಡ್ ಗೆಂಡೆಗಳನ್ನು ತರಿಸಿದರು. ಅವು ತಪ್ಪಿಸಿಕೊಂಡು ಮಿಸಿಸಿಪ್ಪಿ ನದಿ ಸೇರಿ, ಸಂತಾನ ಹೆಚ್ಚಿಸಿಕೊಂಡು ಉತ್ತರಕ್ಕೆ ಹೊರಟವು. ಉತ್ತರದಲ್ಲಿ ಐದು ಮಹಾಸರೋವರಗಳಿವೆ. ಪ್ರಕೃತಿಯೇ ಬಿಟ್ಟಿದ್ದರೆ ಮಿಸಿಸಿಪ್ಪಿಯ ಮೀನು ಮಿಶಿಗನ್ ಸರೋವರಕ್ಕೆ ಹೋಗೋದು ಸುಲಭ ಇರಲಿಲ್ಲ. ಆದರೆ ಶಿಕಾಗೋ ನಗರದ ಕೊಳಚೆ ಹೊರಗೆ ಹರಿಸೋಕೆ 1900ರಲ್ಲಿ ತೆರೆದ ಕಾಲುವೆ ಆ ಎರಡು ಜಲಾನಯನಗಳನ್ನು ಜೋಡಿಸಿಬಿಟ್ಟಿತ್ತು. ಆ ಕಾಲುವೆಯಲ್ಲಿ 2002ರಿಂದ ಮೀನು ತಡೆಯೋಕೆ ವಿದ್ಯುತ್ ತಡೆಗೋಡೆ ಹಾಕಿದ್ದರು.

2009ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡ ಕಾಲುವೆಯ ನೀರು ಪರೀಕ್ಷಿಸಿತು. ತಡೆಗೋಡೆಯ ಆಚೆ, ಅಂದರೆ ಸರೋವರದ ಕಡೆಯಲ್ಲೇ, ಈ ಗೆಂಡೆಗಳ ಡಿಎನ್‌ಎ ಸಿಕ್ಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತಡೆಗೋಡೆ ರಿಪೇರಿಗೆ ಬಂದ್ ಮಾಡಬೇಕಿತ್ತು. ಆ ಸಮಯದಲ್ಲಿ ಮೀನು ನುಸುಳದಿರಲಿ ಅಂತ ಅದರ ಕೆಳಗಿನ ಕಾಲುವೆಗೆ ಮೀನು ಸಾಯಿಸುವ ರಾಸಾಯನಿಕ ಸುರಿದರು. ಸತ್ತು ತೇಲಿದ ಮೀನಿನ ರಾಶಿಯಲ್ಲಿ ಸಿಕ್ಕಿದ್ದು ಒಂದೇ ಒಂದು ಬಿಗ್‌ಹೆಡ್. "ಇಷ್ಟಕ್ಕಾ ಇಷ್ಟೆಲ್ಲಾ ಗಲಾಟೆ?" ಅನ್ನುವವರಿಗೆ ಅದೇ ಅಸ್ತ್ರ ಆಯಿತು.

ಮಿಶಿಗನ್ ರಾಜ್ಯ ಕಾಲುವೆಯ ಬಾಗಿಲುಗಳನ್ನು ಮುಚ್ಚಿಸಿ ಅಂತ ಸುಪ್ರೀಂ ಕೋರ್ಟಿಗೆ ಹೋಯಿತು. ಹಡಗು ಸಾಗಾಟ ನಿಂತರೆ ನಮಗೆ ನಷ್ಟ ಅಂತ ಇಲಿನಾಯ್ ವಿರೋಧಿಸಿತು. 2010ರ ಜನವರಿಯಲ್ಲಿ ಕೋರ್ಟ್ ತುರ್ತು ಆದೇಶ ನಿರಾಕರಿಸಿತು. ಅದೇ ವರ್ಷದ ಜೂನ್‌ನಲ್ಲಿ ತಡೆಗೋಡೆಯ ಆಚೆ, ಮಿಶಿಗನ್ ಸರೋವರಕ್ಕೆ ಕೆಲವೇ ಮೈಲಿ ದೂರದ ಕ್ಯಾಲ್ಯುಮೆಟ್ ಕೆರೆಯಲ್ಲಿ ಮೀನುಗಾರನೊಬ್ಬನ ಬಲೆಗೆ ಜೀವಂತ ಬಿಗ್‌ಹೆಡ್ ಬಿತ್ತು. ಆದರೂ 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಕಾಲುವೆ ಮುಚ್ಚಲು ಹೇಳಲಿಲ್ಲ. ಅಪಾಯ ಸುಳ್ಳು ಅಂತ ಅದು ಅನ್ನಲಿಲ್ಲ ಅನ್ನೋದನ್ನು ಗಮನಿಸಿ. ಸಂಬಂಧಪಟ್ಟ ಸಂಸ್ಥೆಗಳು ಕೆಲಸ ಮಾಡುತ್ತಿವೆ, ಸದ್ಯಕ್ಕೆ ಕೋರ್ಟ್ ಕೈಹಾಕುವ ಅಗತ್ಯ ಇಲ್ಲ ಅನ್ನೋದು ಅದರ ನಿಲುವಾಗಿತ್ತು.

ನನಗೆ ಈ ಕಥೆಯಲ್ಲಿ ಮುಖ್ಯ ಅನಿಸೋದು ಆಮೇಲಿನ ಭಾಗ. ಟೀಕೆ ಬಂದಾಗ ಅವರು ಪರೀಕ್ಷೆಯನ್ನು ಕೈಬಿಡಲಿಲ್ಲ, ಅದರ ಮೇಲೇ ಸಂಶೋಧನೆ ಮಾಡಿದರು. ಮೀನಿಲ್ಲದೆಯೂ ಡಿಎನ್‌ಎ ಎಲ್ಲಿಂದ ಬರಬಹುದು ಅಂತ ಹುಡುಕಿದರು. ಮೀನು ತಿನ್ನುವ ಹಕ್ಕಿಗಳು, ಸರಕು ದೋಣಿಗಳು, ಬಲೆಗಳು, ಮೀನು ಮಾರುಕಟ್ಟೆಯ ನೀರು ಹರಿಯುವ ಚರಂಡಿಗಳು, ಎಲ್ಲವನ್ನೂ ಪರಿಶೀಲಿಸಿದರು. ನೀರು ಹೇಗೆ ತೆಗೀಬೇಕು, ಕಲಬೆರಕೆ ಆಗದಂತೆ ಹೇಗೆ ನೋಡಿಕೊಳ್ಳಬೇಕು, ಯಾವುದನ್ನು ಪಾಸಿಟಿವ್ ಅನ್ನಬೇಕು ಅನ್ನೋದನ್ನೆಲ್ಲ ಲಿಖಿತ ನಿಯಮ ಮಾಡಿ ಸಾರ್ವಜನಿಕವಾಗಿ ಇಟ್ಟರು. ಫಲಿತಾಂಶ ಜನರೂ ನೋಡುವ ಹಾಗೆ ಅಂತರ್ಜಾಲಕ್ಕೆ ಹಾಕಿದರು. ನೀರಿನ ವರದಿ ಒಂದನ್ನೇ ನಂಬಿ ಕಾಲುವೆ ಮುಚ್ಚೋದಿಲ್ಲ. ಆದರೆ ವರದಿ ಬಂದರೆ ಬಲೆ ಹಿಡಿದು ಆ ಜಾಗಕ್ಕೆ ಹೋಗುವ ತಂಡ ಇರುತ್ತೆ. 2017ರಲ್ಲಿ, ಮತ್ತೆ 2022ರಲ್ಲಿ ತಡೆಗೋಡೆಯ ಆಚೆ ಒಂದೊಂದು ಬೆಳ್ಳಿ ಗೆಂಡೆ ಸಿಕ್ಕಾಗಲೂ ಹೀಗೆ ಸುತ್ತಮುತ್ತ ತೀವ್ರ ಹುಡುಕಾಟ ನಡೆಯಿತು. ಈಗ ಬ್ರ್ಯಾಂಡನ್ ರೋಡ್ ಅನ್ನುವಲ್ಲಿ ನೂರು ಕೋಟಿ ಡಾಲರ್‌ಗೂ ಹೆಚ್ಚು ಖರ್ಚಿನ ಹೊಸ ತಡೆ ಕಟ್ಟಲು ಹೊರಟಿದ್ದಾರೆ. ನೂರು ವರ್ಷದ ಹಿಂದೆ ಎರಡು ಜಲಾನಯನ ಜೋಡಿಸಿದ್ದಕ್ಕೆ ಬಂದ ಬಿಲ್ಲು ಅದು.

ಸ್ವಲ್ಪ ಲೆಕ್ಕ

ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಯಾವುದಾದರೂ ಪರೀಕ್ಷೆ 'ಶೇ. 99ರಷ್ಟು ನಿಖರ' ಅಂತ ಯಾರಾದರೂ ಅಂದ ತಕ್ಷಣ ಪೆನ್ನು ಹುಡುಕುತ್ತೀನಿ. ಕೆಳಗಿನ ಅಂಕಿಗಳು ಲೆಕ್ಕ ತೋರಿಸೋಕೆ ನಾನು ಇಟ್ಟುಕೊಂಡವು, ಯಾವ ನದಿಯದ್ದೂ ಅಲ್ಲ.

ಸಾವಿರ ಕಡೆ ನೀರು ತೆಗೆದಿರಿ ಅಂದುಕೊಳ್ಳಿ. ಅದರಲ್ಲಿ 10 ಕಡೆ ಮಾತ್ರ ಆ ಮೀನು ನಿಜವಾಗಿ ಇದೆ. ಪರೀಕ್ಷೆ 9 ಕಡೆ ಸರಿಯಾಗಿ ಹಿಡಿಯುತ್ತೆ. ಉಳಿದ 990 ಜಾಗಗಳಲ್ಲಿ ಶೇ. 1ರಷ್ಟು ತಪ್ಪು ಪಾಸಿಟಿವ್ ಬಂದರೂ ಹತ್ತು ಸುಳ್ಳು ಎಚ್ಚರಿಕೆ. ಒಟ್ಟು 19 ಪಾಸಿಟಿವ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳು. ಪರೀಕ್ಷೆ ಕೆಟ್ಟದ್ದು ಅಂತಲ್ಲ. ನೀವು ಹುಡುಕುತ್ತಿರೋದೇ ಅಪರೂಪದ್ದು. ಅಪರೂಪದ್ದನ್ನು ಹುಡುಕುವಾಗ ಒಳ್ಳೇ ಪರೀಕ್ಷೆಯೂ ಹೀಗೆ ಕೈಕೊಡುತ್ತೆ. ಅದೇ ಜಾಗಕ್ಕೆ ಮತ್ತೆ ಹೋಗಿ, ಬೇರೆ ದಿನ ನೀರು ತೆಗೆದು, ಬೇರೆ ಲ್ಯಾಬಿನಲ್ಲಿ ನೋಡಿದರೆ ಸುಳ್ಳಿನ ಪಾಲು ಬೇಗ ಇಳಿಯುತ್ತೆ.

ಈಗ ಉಲ್ಟಾ ಲೆಕ್ಕ. ಮೀನು ಇದೆ, ಆದರೆ ತೀರಾ ಕಡಿಮೆ. ಒಂದು ಬಾಟಲಿ ನೀರಿನಲ್ಲಿ ಅದರ ಸುಳಿವು ಸಿಗುವ ಸಾಧ್ಯತೆ ಶೇ. 30 ಅಂತಿಟ್ಟುಕೊಳ್ಳಿ. ಒಂದೇ ಬಾಟಲಿ ತಂದರೆ ನೂರಕ್ಕೆ 70 ಸಲ "ಇಲ್ಲ" ಅನ್ನುವ ತಪ್ಪು ಉತ್ತರ. ಹತ್ತು ಬಾಟಲಿ ತಂದರೆ ತಪ್ಪಿಸಿಕೊಳ್ಳುವ ಸಾಧ್ಯತೆ ಶೇ. 3ಕ್ಕೂ ಕೆಳಗೆ ಇಳಿಯುತ್ತೆ. ಹಾಗಾಗಿ ನಾಳೆ ಯಾವುದಾದರೂ ಇಲಾಖೆ "ಪರೀಕ್ಷೆ ಮಾಡಿಸಿದ್ದೇವೆ, ಏನೂ ಸಿಗಲಿಲ್ಲ" ಅಂದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಎಷ್ಟು ಬಾಟಲಿ? ಎರಡನೆಯದು: ಯಾವ ತಿಂಗಳು? ಬಿಸಿಲು, ಶಾಖ, ಬ್ಯಾಕ್ಟೀರಿಯಾ, ಎಲ್ಲ ಸೇರಿ ನೀರಿನಲ್ಲಿ ಡಿಎನ್‌ಎಯನ್ನು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಚೂರು ಮಾಡುತ್ತವೆ. ತುಂಬಿ ಹರಿಯುವ ಆಷಾಢದ ಹೊಳೆಯಲ್ಲಿ ಸುಳಿವು ತೆಳುವಾಗುತ್ತೆ, ಕೆಂಪು ನೀರಿಗೆ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಇಂಗ್ಲೆಂಡಿನ ಕೊಳಕ್ಕೆ ಬರೆದ ನಿಯಮ ಶಿವನಸಮುದ್ರಕ್ಕೆ ಹಾಗೇ ಹೊಂದಲ್ಲ.

ಕಾವೇರಿಗೆ ಹೊರಗಿನವರು ಯಾರು?

ಇಲ್ಲಿಂದ ನಮ್ಮ ವಿಷಯ. ಶಿಕಾಗೋದವರಿಗೆ ಒಂದು ಅನುಕೂಲ ಇತ್ತು: ಶತ್ರು ಯಾರು ಅನ್ನೋದರ ಬಗ್ಗೆ ಗೊಂದಲ ಇರಲಿಲ್ಲ. ನಮ್ಮಲ್ಲಿ ಹಾಗಿಲ್ಲ.

ಆಫ್ರಿಕಾದ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಭಾರತಕ್ಕೆ ಬಂದಿದ್ದು 1952ರಲ್ಲಿ. ಸಾಮಾನ್ಯ ಗೆಂಡೆ 1939ರಲ್ಲಿ ನೀಲಗಿರಿಗೆ ಬಂತು. ಸೊಳ್ಳೆ ಮರಿ ತಿನ್ನಲಿ ಅಂತ ಗ್ಯಾಂಬೂಸಿಯಾ ಮೀನನ್ನು 1928ರಲ್ಲೇ ತಂದಿದ್ದರು. ಅಕ್ವೇರಿಯಂ ಅಂಗಡಿಯಲ್ಲಿ ಗಾಜು ತೊಳೆಯುವ ಮೀನು ಅಂತ ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಈಗ ಬೆಂಗಳೂರಿನ ಕೆರೆಗಳಲ್ಲಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ 2000ದಲ್ಲೇ ನಿಷೇಧಿಸಿದೆ. ಆದರೂ ಬೆಂಗಳೂರಿನ ಸುತ್ತಮುತ್ತ ಕದ್ದುಮುಚ್ಚಿ ಸಾಕುವ ಹೊಂಡಗಳನ್ನು ಮುಚ್ಚಿಸಿದ ಸುದ್ದಿ ಆಗಾಗ ಬರುತ್ತಲೇ ಇದೆ. ಇವೆಲ್ಲ ಹೊರಗಿನವು ಅನ್ನೋದರಲ್ಲಿ ಜಗಳ ಇಲ್ಲ.

ಆದರೆ ಕಾಟ್ಲಾ, ರೋಹು, ಮೃಗಾಲ? ನಮ್ಮ ಮೀನು ಮಾರುಕಟ್ಟೆಯ ಅರ್ಧ ತಕ್ಕಡಿ ಇವುಗಳದ್ದೇ. ಇವು ಭಾರತದವೇ, ಆದರೆ ಮೂಲತಃ ಗಂಗಾ ಬಯಲಿನಂಥ ಉತ್ತರದ ನದಿಗಳವು. ಕಾವೇರಿಗೆ ಮನುಷ್ಯರು ತಂದು ಬಿಟ್ಟವು. ಮೀನಿಗೆ ರಾಷ್ಟ್ರದ ಗಡಿ, ರಾಜ್ಯದ ಗಡಿ ಗೊತ್ತಿಲ್ಲ. ಅದಕ್ಕಿರೋದು ಜಲಾನಯನದ ಗಡಿ ಮಾತ್ರ. ಮನುಷ್ಯರ ವಲಸೆಗೂ ಇದಕ್ಕೂ ಹೋಲಿಕೆ ಮಾಡಿ ರಾಜಕೀಯ ಮಾಡುವವರಿಗೆ ಒಂದು ಮಾತು: ಈ ಮೀನುಗಳು ತಾವಾಗಿ ವಲಸೆ ಬಂದಿಲ್ಲ. ಬಕೆಟ್‌ನಲ್ಲಿ, ಲಾರಿಯಲ್ಲಿ, ಬಹುತೇಕ ಸರ್ಕಾರಿ ಖರ್ಚಿನಲ್ಲಿ ಬಂದಿವೆ.

ಕಾನೂನು ಏನು ಹೇಳುತ್ತೆ? 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು, ಆಕ್ರಮಣಕಾರಿ ಅನ್ಯ ಪ್ರಭೇದಗಳನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟರು. ಒಳ್ಳೇದೇ. ಆದರೆ ವ್ಯಾಖ್ಯೆ ಓದಿ ನೋಡಿ: ಭಾರತಕ್ಕೆ ಸ್ಥಳೀಯವಲ್ಲದ ಪ್ರಾಣಿ ಅಥವಾ ಸಸ್ಯ. ಗಂಗೆಯ ಮೀನು ಕಾವೇರಿಯನ್ನು ಹಾಳು ಮಾಡಿದರೂ ಈ ವ್ಯಾಖ್ಯೆಯ ಪ್ರಕಾರ ಅದು ಅನ್ಯ ಅಲ್ಲ. ಡಿಎನ್‌ಎ ವರದಿ ಎಷ್ಟೇ ನಿಖರವಾಗಿರಲಿ, ಅದನ್ನು ಹಾಕೋಕೆ ಕಾನೂನಿನಲ್ಲಿ ಖಾನೆಯೇ ಇಲ್ಲ.

ಇದು ಬರೀ ತಾಂತ್ರಿಕ ಕೊಂಕು ಅನಿಸಿದರೆ ಕಾವೇರಿಯ ಬಿಳಿ ಮೀನಿನ ಕಥೆ ಕೇಳಿ.

ಸಂರಕ್ಷಣೆಯ ಹೆಸರಲ್ಲೇ ಬಂದ ಸಂಕಟ

ಬೆನ್ನ ಮೇಲೆ ಗೂನು ಇರುವ ಕಾವೇರಿಯ ಮಹಶೀರ್ ಜಗತ್ತಿನ ಗಾಳಗಾರರಿಗೆಲ್ಲ ಗೊತ್ತಿದ್ದ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಮಹಶೀರ್ ಕಡಿಮೆಯಾಗುತ್ತಿದೆ ಅಂತ ಆತಂಕ ಶುರುವಾದಾಗ ಮಹಾರಾಷ್ಟ್ರದ ಲೋನಾವಳದ ಹ್ಯಾಚರಿಯಲ್ಲಿ ಬೆಳೆಸಿದ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಆ ಮರಿಗಳು ನೀಲಿ ರೆಕ್ಕೆಯ ಮಹಶೀರ್, ಕೃಷ್ಣಾ ಕಣಿವೆಯ ಮೀನು. ವಿಜ್ಞಾನಕ್ಕೆ ಅದು ಮೊದಲು ಪರಿಚಯ ಆದದ್ದೇ ಪುಣೆಯ ಮುಳಾ-ಮುಠಾ ನದಿಯಿಂದ.

ಏನಾಯಿತು ಅನ್ನೋದು ಗೊತ್ತಾಗಿದ್ದು ಲ್ಯಾಬಿನಿಂದಲ್ಲ, ಒಂದು ಲೆಕ್ಕದ ಪುಸ್ತಕದಿಂದ. ಗಾಳಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ, ಹಿಡಿದು ವಾಪಸ್ ನೀರಿಗೆ ಬಿಡುವ ಗಾಳಗಾರರು ಪ್ರತಿ ಮೀನಿನ ತೂಕ, ಬಗೆ ಬರೆದಿಟ್ಟಿದ್ದರು. ಸಂಶೋಧಕರು ಅದನ್ನು ಕೂಡಿಸಿ ಕಳೆದು 2015ರಲ್ಲಿ ಪ್ರಕಟಿಸಿದರು. ಸಿಗುವ ಮೀನಿನ ಸಂಖ್ಯೆ ಹೆಚ್ಚುತ್ತಿತ್ತು, ಮೀನಿನ ತೂಕ ಇಳಿಯುತ್ತಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯದ್ದು. ಗೂನು ಬೆನ್ನಿನದ್ದು ಕಾಣೆಯಾಗುತ್ತಾ ಬಂದಿತ್ತು. ಮೇಲಿಂದ ನೋಡಿದವರಿಗೆ 'ಕಾವೇರಿಯಲ್ಲಿ ಮಹಶೀರ್ ಚೇತರಿಕೆ'. ಒಳಗೆ ನಡೆದದ್ದು ಅದಲುಬದಲು.

ಇನ್ನೊಂದು ವಿಚಿತ್ರ. ಇಷ್ಟು ಪ್ರಸಿದ್ಧ ಮೀನಿಗೆ 2018ರವರೆಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಮೈಕಟ್ಟು, ಡಿಎನ್‌ಎ ಎರಡನ್ನೂ ನೋಡಿ, 2007ರಲ್ಲಿ ಕೇರಳದ ಪಾಂಬಾರ್ ನದಿಯಿಂದ ವಿವರಿಸಿದ್ದ ಟಾರ್ ರೆಮಾದೇವಿಯೇ ಇದು ಅಂತ ಆ ವರ್ಷ ತೀರ್ಮಾನಿಸಿದರು. ಹೆಸರು ಸಿಕ್ಕಿದ ಮೇಲೆ ಅದೇ ವರ್ಷ ಜಾಗತಿಕ ಕೆಂಪು ಪಟ್ಟಿಯಲ್ಲಿ 'ಅತ್ಯಂತ ಅಪಾಯದ ಅಂಚಿನಲ್ಲಿ' ಅನ್ನುವ ಸಾಲಿಗೆ ಸೇರಿತು. ಹೆಸರಿಲ್ಲದವರಿಗೆ ರೇಷನ್ ಕಾರ್ಡ್ ಸಿಗದ ಹಾಗೆ, ಹೆಸರಿಲ್ಲದ ಮೀನಿಗೆ ರಕ್ಷಣೆಯೂ ಸಿಗಲಿಲ್ಲ.

ಇಡಿಎನ್‌ಎ ಬಗ್ಗೆ ಮಾತಾಡುವಾಗ ಈ ಹೆಸರಿನ ವಿಷಯ ಬಹಳ ಮುಖ್ಯ. ನೀರಿನಲ್ಲಿ ಸಿಕ್ಕ ತುಣುಕನ್ನು ಹೋಲಿಸೋದು ಡೇಟಾಬೇಸ್ ಜೊತೆ. ಡೇಟಾಬೇಸ್‌ನಲ್ಲಿ ಮೀನೇ ಇಲ್ಲದಿದ್ದರೆ, ಅಥವಾ ತಪ್ಪು ಹೆಸರಿನಲ್ಲಿದ್ದರೆ, ವರದಿಯೂ ತಪ್ಪೇ. ಹತ್ತಿರದ ಸಂಬಂಧಿ ಮೀನುಗಳನ್ನು ಒಂದು ಚಿಕ್ಕ ತುಣುಕಿನಿಂದ ಬೇರ್ಪಡಿಸೋದೂ ಕಷ್ಟ.

ಇನ್ನೂ ಆಳದ ಸಮಸ್ಯೆ ಒಂದಿದೆ. ಸಾಮಾನ್ಯವಾಗಿ ಈ ಪರೀಕ್ಷೆ ಓದೋದು ಮೈಟೋಕಾಂಡ್ರಿಯಾದ ಡಿಎನ್‌ಎ. ಅದು ತಾಯಿಯಿಂದ ಮಾತ್ರ ಬರುತ್ತೆ. ಎರಡು ಬಗೆಯ ಮಹಶೀರ್ ಕೂಡಿ ಮಿಶ್ರತಳಿ ಹುಟ್ಟಿದರೆ (ಹ್ಯಾಚರಿಗಳಲ್ಲಿ ಬೇರೆ ಬೇರೆ ಮಹಶೀರ್‌ಗಳ ಮಿಶ್ರತಳಿ ಮಾಡಿದ ದಾಖಲೆ ಇದೆ), ವರದಿಯಲ್ಲಿ ಬರೋದು ತಾಯಿಯ ಜಾತಿ ಮಾತ್ರ. ತಾಯಿ ಕಾವೇರಿಯವಳಾಗಿದ್ದರೆ "ಬಿಳಿ ಮೀನು ಇದೆ, ಚಿಂತೆ ಇಲ್ಲ" ಅಂತ ವರದಿ ಹೇಳುತ್ತೆ. ನದಿಯಲ್ಲಿ ಶುದ್ಧ ತಳಿ ಕರಗಿ ಹೋಗ್ತಿದ್ದರೂ ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇರುತ್ತೆ. ಇದನ್ನು ಹಿಡಿಯೋಕೆ ಮೀನನ್ನೇ ಹಿಡಿದು, ರೆಕ್ಕೆಯ ಒಂದು ಚೂರು ಕತ್ತರಿಸಿ, ತಂದೆ ತಾಯಿ ಇಬ್ಬರ ಕಡೆಯ ಡಿಎನ್‌ಎಯನ್ನೂ ನೋಡಬೇಕು. ಬಾಟಲಿ ನೀರು ಸಾಲದು.

ಮೊದಲ ಏಟು ಯಾರಿಗೆ?

ನಾಳೆ ಕಬಿನಿಯಲ್ಲೋ ಹಾರಂಗಿಯಲ್ಲೋ ಪರೀಕ್ಷೆ ಮಾಡಿದರೆ ಕಾಟ್ಲಾ, ರೋಹು, ಜಿಲೇಬಿ, ಸಾಮಾನ್ಯ ಗೆಂಡೆ ಪಾಸಿಟಿವ್ ಬರುತ್ತೆ. ಇದಕ್ಕೆ ಡಿಎನ್‌ಎ ಯಾಕೆ? ಮೀನುಗಾರಿಕೆ ಇಲಾಖೆಯ ಬಿತ್ತನೆ ರಿಜಿಸ್ಟರ್ ತೆರೆದರೆ ಸಾಕು. ಜಲಾಶಯಗಳಿಗೆ, ಕೆರೆಗಳಿಗೆ ಮರಿ ಬಿಡೋದು ಸರ್ಕಾರದ ಕಾರ್ಯಕ್ರಮ. ಬಾಗಿನ ಕೊಟ್ಟು, ಮೀನುಮರಿ ಬಿಟ್ಟು, ಶಾಸಕರು ಫೋಟೋ ತೆಗೆಸಿಕೊಳ್ಳೋದು ನಮ್ಮ ಪತ್ರಿಕೆಗಳ ಖಾಯಂ ಚಿತ್ರ.

ಹಾಗಂತ ಬಿತ್ತನೆಯನ್ನು ನಾಳೆಯೇ ನಿಲ್ಲಿಸಿ ಅಂತ ಹೇಳೋದು ಬೆಂಗಳೂರಿನಲ್ಲಿ ಕೂತ ನನಗೆ ಸುಲಭ. ಹರಿಗೋಲಿನಲ್ಲಿ ಬಲೆ ಬಿಡುವ ಬೆಸ್ತರ ಕುಟುಂಬಕ್ಕೆ, ಕೆರೆ ಗುತ್ತಿಗೆ ಹಿಡಿದ ಸಹಕಾರ ಸಂಘಕ್ಕೆ ಅದೇ ಅನ್ನ. ಜಿಲೇಬಿ ಮೀನು ಬಡವರ ತಟ್ಟೆಗೆ ಕಡಿಮೆ ದುಡ್ಡಿಗೆ ಸಿಗುವ ಮೀನು. ನೀತಿ ಇಲ್ಲದೆ ಬರೀ ಪರೀಕ್ಷೆ ಬಂದರೆ ಏನಾಗುತ್ತೆ ಅಂತ ಊಹಿಸೋಕೆ ಕಷ್ಟ ಇಲ್ಲ. 'ಅನ್ಯ ಮೀನು ಪತ್ತೆ' ಅನ್ನುವ ಹೆಡ್‌ಲೈನ್ ಬರುತ್ತೆ, ಗುತ್ತಿಗೆದಾರ ಮೀನುಗಾರನಿಗೆ ನೋಟಿಸ್ ಹೋಗುತ್ತೆ. ಮರಿ ಕೊಟ್ಟವರಿಗೆ, ಮರಿ ಬಿಡಲು ಆದೇಶ ಮಾಡಿದವರಿಗೆ ಏನೂ ಆಗಲ್ಲ.

ಹಾಗಾದರೆ ಎಲ್ಲಿ ಬಳಸಬೇಕು?

ನನ್ನ ಪ್ರಕಾರ ಇಡಿಎನ್‌ಎಗೆ ಕರ್ನಾಟಕದಲ್ಲಿ ಮೂರು ತುರ್ತು ಕೆಲಸಗಳಿವೆ.

ಮೊದಲನೆಯದು ಎತ್ತಿನಹೊಳೆ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತಕ್ಕೆ ಚಾಲನೆ ಕೊಟ್ಟು, ನೇತ್ರಾವತಿಯ ಮೇಲ್ಭಾಗದ ಹಳ್ಳಗಳ ನೀರನ್ನು ಎತ್ತಿ ವೇದಾವತಿ ಮೂಲಕ ವಾಣಿವಿಲಾಸ ಸಾಗರದ ಕಡೆ ಹರಿಸಿದರು. ಪಶ್ಚಿಮಕ್ಕೆ, ಅರಬ್ಬಿ ಸಮುದ್ರಕ್ಕೆ ಹೋಗುವ ನೀರು ಈಗ ಪೂರ್ವಕ್ಕೆ ಹರಿಯುವ ನದಿಯ ಕಣಿವೆಗೆ ಬಂದಿದೆ. ಮುಂದೆ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೂ ಹೋಗಬೇಕು. ಶಿಕಾಗೋದವರು 1900ರಲ್ಲಿ ಮಾಡಿದ್ದು ಇದನ್ನೇ, ಎರಡು ಜಲಾನಯನ ಜೋಡಿಸೋದು. ಯೋಜನೆ ಬೇಕೋ ಬೇಡವೋ ಅನ್ನುವ ಜಗಳ ಬೇರೆ. ನೀರಿನ ಜೊತೆ ಮೊಟ್ಟೆ, ಮರಿ, ರೋಗಾಣು ಏನೇನು ದಾಟಬಹುದು ಅನ್ನೋದಕ್ಕೆ ಎರಡೂ ಕಡೆಯ ಈಗಿನ ಸ್ಥಿತಿಯ ದಾಖಲೆ ಬೇಕು. ಪೂರ್ತಿ ನೀರು ಹರಿಯುವ ಮೊದಲು ಮಾಡಿದರೆ ಮಾತ್ರ ಆ ದಾಖಲೆಗೆ ಬೆಲೆ. ಆಮೇಲೆ ಮಾಡಿದರೆ ಯಾವುದು ಮೊದಲಿಂದ ಇತ್ತು, ಯಾವುದು ಈಗ ಬಂತು ಅಂತ ಯಾವ ಯಂತ್ರವೂ ಹೇಳಲ್ಲ.

ಎರಡನೆಯದು, ಇನ್ನೂ ಕೆಡದ ಜಾಗಗಳು. ಬಂಡೀಪುರದ ಗಡಿಯಲ್ಲಿ ಹರಿಯುವ ಮೋಯಾರ್ ನದಿ ಗೂನು ಬೆನ್ನಿನ ಮಹಶೀರ್‌ಗೆ ಉಳಿದಿರುವ ಕೆಲವೇ ನೆಲೆಗಳಲ್ಲಿ ಒಂದು. ಇಂಥ ನದಿಗಳಲ್ಲಿ, ಪಶ್ಚಿಮ ಘಟ್ಟದ ಮೇಲಿನ ಹಳ್ಳಗಳಲ್ಲಿ, ವರ್ಷಕ್ಕೆ ಎರಡು ಸಲ ನೀರು ನೋಡಿದರೆ ಹೊಸ ಮೀನು ನುಸುಳಿದ ದಿನಗಳಲ್ಲೇ ಗೊತ್ತಾಗಬಹುದು. ಬಿಳಿ ಮೀನು ಇನ್ನೂ ಎಲ್ಲೆಲ್ಲಿ ಉಳಿದಿದೆ ಅಂತ ಹುಡುಕೋಕೂ ಇದೇ ದಾರಿ. ಮಿಶ್ರತಳಿ ಅಲ್ಲ ಅಂತ ಆಮೇಲೆ ಮೀನು ಹಿಡಿದು ಖಚಿತ ಮಾಡಿಕೊಳ್ಳಬೇಕು.

ಮೂರನೆಯದು ಹ್ಯಾಚರಿ. ನದಿಗೆ ಬಿಡುವ ಮೊದಲು ಮರಿಗಳ ತೊಟ್ಟಿಯ ನೀರನ್ನೇ ಪರೀಕ್ಷಿಸಿ. ರೋಹು ಅಂತ ತಂದ ಮರಿಗಳ ನಡುವೆ ಬೇರೆ ಯಾವ ಮರಿ ಸೇರಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಸಾವಿರ ಕಿಲೋಮೀಟರ್ ನದಿಯಲ್ಲಿ ಹುಡುಕೋದಕ್ಕಿಂತ ಹತ್ತು ತೊಟ್ಟಿಯಲ್ಲಿ ಹುಡುಕೋದು ಸುಲಭ. ಹರಿಯುವ ನೀರಿನ ಗೊಂದಲವೂ ಇಲ್ಲ.

ಈ ಮೂರರ ಜೊತೆಗೆ ನಾಲ್ಕು ಷರತ್ತು. ಪಾಸಿಟಿವ್ ಅಂದರೆ ಏನು, ಎಷ್ಟು ಸಲ ಬಂದರೆ ಏನು ಕ್ರಮ, ಯಾವ ಅಧಿಕಾರಿಯ ಹೊಣೆ, ಎಷ್ಟು ದಿನದೊಳಗೆ, ಇದನ್ನೆಲ್ಲ ಮೊದಲ ಬಾಟಲಿ ತುಂಬುವ ಮುಂಚೆ ಬರೆದು ಪ್ರಕಟಿಸಬೇಕು. ಯಾವ ಜಲಾಶಯಕ್ಕೆ, ಯಾವ ದಿನ, ಯಾವ ಹ್ಯಾಚರಿಯ ಎಷ್ಟು ಮರಿ ಬಿಟ್ಟರು ಅನ್ನುವ ರಿಜಿಸ್ಟರ್ ವೆಬ್‌ಸೈಟ್‌ನಲ್ಲಿ ಇರಬೇಕು. ಅದಿಲ್ಲದೆ ಡಿಎನ್‌ಎ ವರದಿಗೆ ಅರ್ಥವೇ ಇಲ್ಲ. ಮರಿ ಬಿಡುವ ಇಲಾಖೆಯೇ ಪರೀಕ್ಷೆಯನ್ನೂ ಮಾಡಬಾರದು. ತನ್ನ ಪರೀಕ್ಷೆಯ ಪೇಪರನ್ನು ತಾನೇ ತಿದ್ದುವ ವಿದ್ಯಾರ್ಥಿ ಎಲ್ಲಿದ್ದಾನೆ? ಕೊನೆಯದಾಗಿ, ಕ್ರಮದಿಂದ ಮೀನುಗಾರರ ಆದಾಯಕ್ಕೆ ಪೆಟ್ಟು ಬಿದ್ದರೆ ಪರಿಹಾರ ಆ ಕ್ರಮದ ಭಾಗವೇ ಆಗಿರಬೇಕು. ನೀರು ತೆಗೆಯುವ ಕೆಲಸಕ್ಕೂ ಅವರನ್ನೇ ಕರೆಯಿರಿ. ಯಾವ ಮಡುವಿನಲ್ಲಿ ಯಾವ ಮೀನು ನಿಲ್ಲುತ್ತೆ ಅಂತ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

ಇದರಲ್ಲಿ ಕೆಲವಕ್ಕೆ ಹೊಸ ಕಾನೂನು ಬೇಕು. 'ಭಾರತಕ್ಕೆ ಸ್ಥಳೀಯವಲ್ಲದ' ಅನ್ನೋದನ್ನು 'ಆ ಜಲಾನಯನಕ್ಕೆ ಸ್ಥಳೀಯವಲ್ಲದ' ಅಂತ ಬದಲಿಸೋದು ಸಂಸತ್ತಿನ ಕೆಲಸ. ಆದರೆ ಬಿತ್ತನೆ ರಿಜಿಸ್ಟರ್ ಪ್ರಕಟಿಸೋಕೆ ತಿದ್ದುಪಡಿ ಬೇಕಿಲ್ಲ, ಲ್ಯಾಬೂ ಬೇಕಿಲ್ಲ. ಅದು ಇಲಾಖೆಯ ಕಪಾಟಿನಲ್ಲೇ ಇರಬೇಕಾದ ದಾಖಲೆ. ಆರ್‌ಟಿಐ ಅರ್ಜಿಗೆ 10 ರೂಪಾಯಿ. ನಿಮ್ಮೂರಿನ ಕೆರೆಗೆ ಕಳೆದ ಐದು ವರ್ಷದಲ್ಲಿ ಏನೇನು ಬಿಟ್ಟಿದ್ದಾರೆ ಅಂತ ಕೇಳಿ ನೋಡಿ. ನೀರಿನ ಡಿಎನ್‌ಎ ಓದುವ ಮುಂಚೆ ಓದಬೇಕಾದ ಕಾಗದ ಅದು.